ಮಾರ್ಚ್ 10ಕ್ಕೆ ಟಿಬೆಟಿಯನ್ ಗೆಳತಿ ಕರೆದಿದ್ದಾಳೆ, ಹೋಗಬಹುದಾ?

ಸಂಪಿಗೆ
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ನನ್ನ ವಾರ್ಡಿನಲ್ಲೇ ಕೆಲಸ ಮಾಡುವ ಹುಡುಗಿಯೊಬ್ಬಳು ಬೈಲುಕುಪ್ಪೆಯವಳು, ಟಿಬೆಟಿಯನ್. ಆರು ವರ್ಷದಿಂದ ಜೊತೆಗಿದ್ದೇವೆ. ನೈಟ್ ಡ್ಯೂಟಿಯಲ್ಲಿ ಒಂದೇ ಡಬ್ಬಿ ಹಂಚಿಕೊಂಡು ಉಂಡವರು. ನನ್ನಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ನಮ್ಮತ್ತೆ ಐಸಿಯುನಲ್ಲಿದ್ದಾಗ ಊರಿಗೆ ಹೋಗೋದನ್ನು ಬಿಟ್ಟು ಮೂರು ರಾತ್ರಿ ನನ್ನ ಪಕ್ಕ ಕೂತಿದ್ದಳು.

ಪ್ರತಿ ವರ್ಷ ಮಾರ್ಚ್ 10ಕ್ಕೆ ಅವಳು ರಜೆ ಹಾಕುತ್ತಾಳೆ. ಅವರದ್ದೇನೋ ಹಬ್ಬ ಇರಬೇಕು ಅಂದುಕೊಂಡಿದ್ದೆ. ಈ ಸಲ ಡ್ಯೂಟಿ ಪಟ್ಟಿ ಹಾಕುವಾಗ ಕೇಳಿದೆ. "ಹಬ್ಬ ಅಲ್ಲ ಅಕ್ಕ, 1959ರಲ್ಲಿ ಲ್ಹಾಸಾದಲ್ಲಿ ನಮ್ಮ ಜನ ಚೀನಾ ವಿರುದ್ಧ ಬೀದಿಗೆ ಬಂದ ದಿನ. ಫ್ರೀಡಂ ಪಾರ್ಕಲ್ಲಿ ಸೇರ್ತೇವೆ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೂ ಬರ್ತೀಯಾ?" ಅಂತ ಕೇಳಿದಳು.

ನಾನು ಇಲ್ಲಿಯವರೆಗೆ ಯಾವ ಪ್ರತಿಭಟನೆಗೂ ಹೋದವಳಲ್ಲ. ಮೈದುನ "ಬೇರೆ ದೇಶದ ರಾಜಕೀಯ, ಪೊಲೀಸು ಕೇಸು ಅಂತ ಆದರೆ ಯಾರು ನೋಡ್ಕೋತಾರೆ" ಅಂತಿದ್ದಾನೆ. ಒಂಬತ್ತು ವರ್ಷದ ಮಗಳು ತಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾಳೆ. ಹೋಗಬಹುದಾ? ಮಗುವನ್ನು ಕರೆದುಕೊಂಡು ಹೋಗಬಹುದಾ? ಅವರ ಬಾವುಟ ನಾನು ಹಿಡಿದರೆ ತಪ್ಪಾಗುತ್ತಾ?

ಹಾಸನದ ಗಿರಿ
ಹೋಗಿ. ಮೂರು ರಾತ್ರಿ ಕೂತವಳು ಕರೆದಿದ್ದಾಳೆ. ಇದರಲ್ಲಿ ಕೇಳೋದೇನಿದೆ?

ಕುಶಾಲನಗರ ಕಾವೇರಿ
ಕುಶಾಲನಗರದಿಂದ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಮುಂದೆ ಬೈಲುಕುಪ್ಪೆ. ನಾನು ಹುಟ್ಟಿದಾಗಿನಿಂದ ಮಾರ್ಚ್ 10 ನೋಡಿದ್ದೇನೆ. ಆ ದಿನ ಕ್ಯಾಂಪಿನ ಅಂಗಡಿಗಳು ಬಾಗಿಲು ಹಾಕುತ್ತವೆ. ಮುದುಕರು, ಶಾಲೆ ಮಕ್ಕಳು, ಬೌದ್ಧ ಭಿಕ್ಕುಗಳು ಎಲ್ಲ ಸಾಲಾಗಿ ನಡೆಯುತ್ತಾರೆ. ನಾನು ಕಂಡ ಹಾಗೆ ಒಂದು ಕಲ್ಲು ಬಿದ್ದಿಲ್ಲ, ಒಂದು ಬಸ್ಸು ನಿಂತಿಲ್ಲ. ನಮ್ಮ ತಂದೆಗೆ ಅಲ್ಲೇ ಹತ್ತಿರ ಅಂಗಡಿ ಇತ್ತು. ಆ ದಿನ ಬಿಸಿಲಿಗೆ ಮಜ್ಜಿಗೆ ಮಾಡಿಸಿ ಕೊಡೋರು.

ಮಗಳನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಅಲ್ಲಿ ಅವಳ ವಯಸ್ಸಿನ ಮಕ್ಕಳು ತುಂಬಾ ಇರುತ್ತಾರೆ. ಟೋಪಿ, ನೀರು ಮರೀಬೇಡಿ.

ನೇರಮಾತು
ಎಲ್ಲರೂ ಹೋಗಿ ಹೋಗಿ ಅಂತಿದ್ದೀರಿ. ನಾನು ಬೇರೆ ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮ ಪೌರಕಾರ್ಮಿಕರು ಅದೇ ಫ್ರೀಡಂ ಪಾರ್ಕಿನಲ್ಲಿ ಕೂತಾಗ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ? ಆಶಾ ಕಾರ್ಯಕರ್ತೆಯರು ಕೂತಾಗ? ನೀವು ನರ್ಸ್, ಅವರು ನಿಮ್ಮ ಅಕ್ಕತಂಗಿಯರೇ ಅಲ್ವಾ. ಎರಡನೆಯದು, ನಮ್ಮ ಸರ್ಕಾರವೇ 2003ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಅಂತ ಬರೆದುಕೊಟ್ಟಿದೆ. ವಾಜಪೇಯಿ ಪ್ರಧಾನಿಯಾಗಿದ್ದಾಗ. ದೇಶವೇ ಒಪ್ಪಿಕೊಂಡ ಮೇಲೆ ನಾವು ಹೋಗಿ ಕೂಗಿದರೆ ಏನು ಬರುತ್ತೆ?

ಹಾಸನದ ಗಿರಿ
ಆಶಾ ಕಾರ್ಯಕರ್ತೆಯರ ಹತ್ತಿರವೂ ಹೋಗೋಣ. ಅಲ್ಲಿಗೆ ಹೋಗಿಲ್ಲ ಅಂತ ಇಲ್ಲಿಗೂ ಹೋಗಬಾರದಾ?

ಕಪ್ಪು ಕೋಟು
ವಕೀಲನಾಗಿ ಸ್ವಲ್ಪ ಉದ್ದ ಬರೀತೇನೆ, ತಾಳ್ಮೆ ಇರಲಿ.

ಮೊದಲು ಭಯದ ವಿಷಯ. ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಸಂಘಟಕರು ಮೊದಲೇ ಪೊಲೀಸರ ಅನುಮತಿ ತಗೊಂಡಿರುತ್ತಾರೆ. ಟಿಬೆಟಿಯನ್ನರು ಈ ವಿಷಯದಲ್ಲಿ ನಮಗಿಂತ ಹುಷಾರು. ಅನುಮತಿ ಇರುವ ಸಭೆಯಲ್ಲಿ ಶಾಂತವಾಗಿ ನಿಂತವರ ಮೇಲೆ ಕೇಸು ಹಾಕೋಕೆ ಕಾರಣವೇ ಇಲ್ಲ. ನಿಮ್ಮದು ಖಾಸಗಿ ಆಸ್ಪತ್ರೆ, ಹಾಗಾಗಿ ಸರ್ಕಾರಿ ನೌಕರರ ನಡತೆ ನಿಯಮದ ತೊಡಕೂ ಇಲ್ಲ. ಯೂನಿಫಾರ್ಮಲ್ಲಿ ಮಾತ್ರ ಹೋಗಬೇಡಿ.

ಈಗ ನೇರಮಾತು ಅವರಿಗೆ. ನಾವು ಹೋದರೆ ಏನು ಬರುತ್ತೆ ಅಂದಿರಿ. ಸಂವಿಧಾನದ 19ನೇ ವಿಧಿ ತೆಗೆದು ನೋಡಿ. ಮಾತಾಡುವ ಹಕ್ಕು, ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕು, ಎರಡೂ ಅಲ್ಲಿವೆ. ಆದರೆ ಆ ವಿಧಿ ಶುರುವಾಗೋದೇ "ಎಲ್ಲ ನಾಗರಿಕರಿಗೆ" ಅಂತ. 14 ಮತ್ತು 21ನೇ ವಿಧಿ ಈ ನೆಲದಲ್ಲಿರುವ ಪ್ರತಿಯೊಬ್ಬರಿಗೂ ಸಲ್ಲುತ್ತವೆ. 19 ಹಾಗಲ್ಲ. ಇಲ್ಲಿರುವ ಹೆಚ್ಚಿನ ಟಿಬೆಟಿಯನ್ನರ ಹತ್ತಿರ ಇರೋದು ಆರ್‌ಸಿ. ಅದು ವಿದೇಶಿಯರ ನೋಂದಣಿ ಪತ್ರ. ಆಗಾಗ ನವೀಕರಿಸುತ್ತಲೇ ಇರಬೇಕು. ಅಂದರೆ ಸಂಪಿಗೆ ಅವರು ಫ್ರೀಡಂ ಪಾರ್ಕಿನಲ್ಲಿ ನಿಲ್ಲೋದು ಹಕ್ಕಿನಿಂದ. ಅವರ ಗೆಳತಿ ಅದೇ ಜಾಗದಲ್ಲಿ, ಪಕ್ಕದಲ್ಲೇ, ನಿಲ್ಲೋದು ಸರ್ಕಾರ ಬೇಡ ಅನ್ನದೇ ಇರೋದರಿಂದ.

2019ರ ಅಕ್ಟೋಬರಿನಲ್ಲಿ ಷಿ ಜಿನ್‌ಪಿಂಗ್ ಮಾಮಲ್ಲಪುರಂಗೆ ಬಂದಾಗ ಚೆನ್ನೈನಲ್ಲಿ ಟಿಬೆಟಿಯನ್ ವಿದ್ಯಾರ್ಥಿಗಳನ್ನು ಪೊಲೀಸರು ಮೊದಲೇ ಹಿಡಿದು ಕೂರಿಸಿದ್ದರು. ಅವರಿಗೆ ಬೇಡ ಅಂದ ದಿನವೂ ನಾವು ಮಾತಾಡಬಹುದು. ನಮ್ಮಂಥವರು ಹೋಗಬೇಕಾದದ್ದು ಅದಕ್ಕೇ.

ನೇರಮಾತು
19ನೇ ವಿಧಿ ನಾಗರಿಕರಿಗೆ ಮಾತ್ರ ಅನ್ನೋದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಸರಿ. ಆದರೆ ಇಲ್ಲೇ ಹುಟ್ಟಿದವರು ನಾಗರಿಕರಾಗಬಹುದಲ್ಲ? ಯಾಕೆ ಆಗೋದಿಲ್ಲ?

ಕಪ್ಪು ಕೋಟು
ಆಗಬಹುದು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತೆ ಅಂತ ನಮ್ಮ ಕರ್ನಾಟಕ ಹೈಕೋರ್ಟೇ 2013ರಲ್ಲಿ ಹೇಳಿದೆ. 1987ರ ನಂತರ ಹುಟ್ಟಿದವರಿಗೆ ದಾರಿ ಕಷ್ಟ. ಇನ್ನು ಯಾಕೆ ಆಗೋದಿಲ್ಲ ಅನ್ನೋದು ಕಾನೂನಿನ ಪ್ರಶ್ನೆ ಅಲ್ಲ. ಅದಕ್ಕೆ ಅವರೇ ಉತ್ತರ ಹೇಳಬೇಕು.

ಪಿರಿಯಾಪಟ್ಟಣದ ಹೊಗೆಸೊಪ್ಪು
ನಮ್ಮೂರಿನ ಪಕ್ಕದ ವಿಷಯ, ಅದಕ್ಕೆ ಬರೆಯಲೇಬೇಕು. ಟಿಬೆಟಿಯನ್ನರ ಮೇಲೆ ನನಗೆ ದ್ವೇಷ ಇಲ್ಲ. ಆದರೆ ನಮ್ಮ ತಾಲ್ಲೂಕಿನಲ್ಲಿ ತುಂಡು ಭೂಮಿ ಇಲ್ಲದ ಎಷ್ಟೋ ಮನೆಗಳಿವೆ. ನಿಜಲಿಂಗಪ್ಪ ಮುಖ್ಯಮಂತ್ರಿ ಆಗಿದ್ದಾಗ 1960ರಲ್ಲಿ ಅವರಿಗೆ ಸಾವಿರಾರು ಎಕರೆ ಕೊಟ್ಟರು. ನಮ್ಮ ತಾತ ಅದನ್ನೇ ಹೇಳಿ ಹೇಳಿ ಸತ್ತರು. ಈ ನೋವೂ ಒಂದು ನೋವೇ ಅಲ್ವಾ?

ಮಲ್ಲೇಶ್ವರದ ಮೇಷ್ಟ್ರು
ಒಂದು ತಿದ್ದುಪಡಿ. 1960ರಲ್ಲಿ ಮುಖ್ಯಮಂತ್ರಿ ಬಿ.ಡಿ. ಜತ್ತಿ. ನಿಜಲಿಂಗಪ್ಪನವರು 1958ರವರೆಗೆ ಇದ್ದರು, ಮತ್ತೆ 1962ರಿಂದ 1968ರವರೆಗೆ. ಮುಂಡಗೋಡದ ಕ್ಯಾಂಪ್ 1966ರದ್ದು, ಅದು ಅವರ ಕಾಲದ್ದು. ಟಿಬೆಟಿಯನ್ನರು ಇವತ್ತಿಗೂ ನಿಜಲಿಂಗಪ್ಪನವರ ಹೆಸರನ್ನೇ ಹೆಚ್ಚು ನೆನೆಯೋದರಿಂದ ಈ ಗೊಂದಲ ಬರುತ್ತೆ.

ಕುಶಾಲನಗರ ಕಾವೇರಿ
ಹೊಗೆಸೊಪ್ಪಣ್ಣ, ನಿಮ್ಮ ತಾತನ ನೋವನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಅದು ಆಗ ಉಳುಮೆ ಭೂಮಿ ಆಗಿರಲಿಲ್ಲ, ಕಾಡು. ಮೊದಲು ಬಂದವರು ಡೇರೆಯಲ್ಲಿದ್ದು ಮರ ಕಡಿದರು. ರಾತ್ರಿ ಆನೆ ಬರೋದು. ತಣ್ಣನೆ ಬೆಟ್ಟದಿಂದ ಬಂದ ಜನ ಈ ಸೆಕೆಗೆ, ಕಾಯಿಲೆಗೆ ಬಹಳ ಮಂದಿ ಸತ್ತರು ಅಂತ ಅಲ್ಲಿಯ ಮುದುಕರು ಹೇಳ್ತಾರೆ. ಭೂಮಿ ಅವರ ಹೆಸರಿಗೂ ಇಲ್ಲ. ಮಾರೋಕೆ ಆಗೋದಿಲ್ಲ.

ಪಿರಿಯಾಪಟ್ಟಣದ ಹೊಗೆಸೊಪ್ಪು
ಮಾರೋಕೆ ಆಗೋದಿಲ್ಲ ಅನ್ನೋದು ಗೊತ್ತು. ಉಳೋಕೆ ಆದರೂ ಆಗುತ್ತಲ್ಲ. ನನ್ನ ಮಾತು ಇಷ್ಟೇ, ಬಡವರಿಗೂ ಹಾಗೇ ಕೊಡಬೇಕಿತ್ತು. ಇದರಲ್ಲಿ ತಪ್ಪು ಟಿಬೆಟಿಯನ್ನರದ್ದು ಅಂತ ನಾನು ಹೇಳಿಲ್ಲ.

ಮುಂಡಗೋಡದ ಸರೋಜಕ್ಕ
ನಮ್ಮ ಕಡೆಯಿಂದ ಒಂದು ಮಾತು. ಮುಂಡಗೋಡದಲ್ಲಿ ಗಾಂದೆನ್, ಡ್ರೆಪುಂಗ್ ಎರಡು ದೊಡ್ಡ ಮಠ ಇವೆ. ನಮ್ಮ ಲಂಬಾಣಿ, ಗೌಳಿ ಮಂದಿ ಎಷ್ಟೋ ಜನ ಅಲ್ಲಿಯ ಹೊಲದಲ್ಲಿ, ಅಡಿಗೆಮನೆಯಲ್ಲಿ ದುಡಿದು ಮಕ್ಕಳನ್ನು ಓದಿಸಿದ್ದಾರೆ. ನಮ್ಮ ಮನೆಗೆ ಹಾಲು ಹಾಕುವಾಕೆ ಟಿಬೆಟಿಯನ್ ಭಾಷೆಯಲ್ಲೇ ಜಗಳ ಆಡ್ತಾಳೆ!

ಸಂಪಿಗೆ, ಹೋಗವ್ವ. ಹೋಗುವಾಗ ಗೆಳತಿಗೆ ಹೇಳು, ಅವರ ಉಡುಪು ಛುಪಾ ಒಂದು ತಂದುಕೊಡ್ತಾಳೆ. ನಾನು ಒಮ್ಮೆ ಉಟ್ಟಿದ್ದೆ. ಎಲ್ಲ ಅಜ್ಜಿಯರೂ ಬಂದು ಕೆನ್ನೆ ಮುಟ್ಟಿ ಹೋದರು.

ರಾಣೆಬೆನ್ನೂರು ರವಿ
ನನಗೆ ಟಿಬೆಟಿಯನ್ನರು ಅಂದರೆ ಸ್ವೆಟರ್. ಪ್ರತಿ ಚಳಿಗಾಲ ನಮ್ಮೂರಲ್ಲಿ ಸಾಲಾಗಿ ಅಂಗಡಿ ಹಾಕೋರು. ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪನ ಹತ್ತಿರ ಹಣ ಸಾಲಲಿಲ್ಲ. ಅಲ್ಲಿಯ ಅಜ್ಜಿ "ಮುಂದಿನ ವರ್ಷ ಕೊಡು" ಅಂತ ಕೆಂಪು ಸ್ವೆಟರ್ ಕೊಟ್ಟಿದ್ದಳು. ಮುಂದಿನ ವರ್ಷ ಅಪ್ಪ ಹಣ ಕೊಡೋಕೆ ಹೋದರೆ ಆ ಅಜ್ಜಿ ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ಆ ಹಣ ಇನ್ನೂ ನಮ್ಮ ಮೇಲಿದೆ ಅಂತಲೇ ಅನ್ನಿಸುತ್ತೆ.

ಮೈಸೂರು ಪಾಕ
ಮೊಮೊ ಬಗ್ಗೆ ಯಾರೂ ಮಾತಾಡಲೇ ಇಲ್ಲವಲ್ಲ. ಬೈಲುಕುಪ್ಪೆಯಲ್ಲಿ ತಿಂದ ಮೇಲೆ ಬೇರೆ ಕಡೆಯದು ರುಚಿಸೋದೇ ಇಲ್ಲ. ಥುಕ್ಪಾ ಕೂಡ.

ಲಂಡನ್ ಲಕ್ಷ್ಮಣ
2008ರ ಏಪ್ರಿಲ್ 6ರಂದು ನಾನು ಲಂಡನ್ನಿನಲ್ಲಿದ್ದೆ. ಬೀಜಿಂಗ್ ಒಲಿಂಪಿಕ್ ಜ್ಯೋತಿ ಆ ದಿನ ಲಂಡನ್ನಿಗೆ ಬಂತು. ಆ ಮಾರ್ಚಿನಲ್ಲಿ ಲ್ಹಾಸಾದಲ್ಲಿ, ಟಿಬೆಟಿನ ಬೇರೆ ಊರುಗಳಲ್ಲಿ ದೊಡ್ಡ ಪ್ರತಿಭಟನೆ ನಡೆದು, ಅದನ್ನು ಹತ್ತಿಕ್ಕಿದ ಸುದ್ದಿ ಇನ್ನೂ ಬಿಸಿಯಾಗಿತ್ತು. ಏಪ್ರಿಲಿನಲ್ಲೂ ಹಿಮ ಬೀಳುತ್ತಿತ್ತು. ನಾನು ಕುತೂಹಲಕ್ಕೆ ನೋಡೋಕೆ ಹೋದವನು. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ನನ್ನನ್ನು ನೋಡಿ "ಕರ್ನಾಟಕನಾ?" ಅಂತ ಕನ್ನಡದಲ್ಲಿ ಕೇಳಿದ. ನಾನು ಫೋನಲ್ಲಿ ಅಮ್ಮನ ಹತ್ತಿರ ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು. ಅವನು ಹುಣಸೂರಿನ ಗುರುಪುರ ಕ್ಯಾಂಪಿನವನು! ಹಿಮದಲ್ಲಿ ಇಬ್ಬರೂ ಮಸಾಲೆ ದೋಸೆ ನೆನೆಸಿಕೊಂಡೆವು. ಆಮೇಲೆ ಅವನು ತನ್ನ ಬಾವುಟದ ಒಂದು ತುದಿ ನನ್ನ ಕೈಗೆ ಕೊಟ್ಟ. ಹಿಡಿದೆ.

ಅದೇ ತಿಂಗಳು 17ಕ್ಕೆ ಜ್ಯೋತಿ ದೆಹಲಿಗೆ ಬಂತು. ನಮ್ಮ ಫುಟ್‌ಬಾಲ್ ನಾಯಕ ಬೈಚುಂಗ್ ಭುಟಿಯಾ ಅದನ್ನು ಹಿಡಿಯೋದಿಲ್ಲ ಅಂದರು. ಟಿಬೆಟಿಯನ್ನರ ಜೊತೆ ನಿಂತು ಹಾಗೆ ಅಂದದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಮಲ್ಲೇಶ್ವರದ ಮೇಷ್ಟ್ರು
ಬೆಂಗಳೂರಿಗೂ ಇಂಥ ಒಂದು ನೆನಪಿದೆ. 2005ರ ಏಪ್ರಿಲಿನಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿಗೆ) ಬಂದಿದ್ದರು. ಟಿಬೆಟಿಯನ್ ಕವಿ ತೆನ್ಜಿನ್ ತ್ಸುಂಡು ಎಲ್ಲ ಕಾವಲು ತಪ್ಪಿಸಿ ಅಲ್ಲಿಯ ಗೋಪುರ ಹತ್ತಿ, ಕೆಂಪು ಬಟ್ಟೆ ಹರಡಿ ಒಬ್ಬರೇ ಕೂಗಿದರು. ಪೊಲೀಸರು ಹಿಡಿದುಕೊಂಡು ಹೋದರು.

ಗಡಿ ಗುರು
ನೇರಮಾತು ಅವರೇ, ನಮಗೇನು ಸಂಬಂಧ ಅನ್ನೋದಕ್ಕೆ ಇನ್ನೊಂದು ಉತ್ತರ. 1962ರ ಯುದ್ಧದ ಹೊತ್ತಿನಲ್ಲಿ ನಮ್ಮ ದೇಶ ಟಿಬೆಟಿಯನ್ ಯುವಕರನ್ನು ಸೇರಿಸಿ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್ ಕಟ್ಟಿತು. 1971ರ ಬಾಂಗ್ಲಾ ಯುದ್ಧದಲ್ಲಿ ಅವರು ನಮಗಾಗಿ ಚಿತ್ತಗಾಂಗಿನ ಬೆಟ್ಟಗಳಲ್ಲಿ ಹೋರಾಡಿದರು. ಗುಟ್ಟಿನ ಪಡೆ, ಹಾಗಾಗಿ ಮೆಚ್ಚುಗೆಯೂ ಗುಟ್ಟಾಗಿಯೇ ಉಳಿಯಿತು. 2020ರಲ್ಲಿ ಲಡಾಖಿನಲ್ಲಿ ಆ ಪಡೆಯ ನೈಮಾ ತೆನ್ಜಿನ್ ಪ್ರಾಣ ಕೊಟ್ಟರು. ಲೇಹ್‌ನಲ್ಲಿ ಅವರ ಪೆಟ್ಟಿಗೆ ಮೇಲೆ ನಮ್ಮ ತಿರಂಗಾ, ಟಿಬೆಟಿನ ಬಾವುಟ ಎರಡೂ ಇದ್ದವು.

ಒಂದನೇ ಕ್ಯಾಂಪಿನವಳು
ನಮಸ್ಕಾರ. ನಾನು ಬೈಲುಕುಪ್ಪೆಯಲ್ಲೇ ಹುಟ್ಟಿದವಳು. ಇಷ್ಟು ಹೊತ್ತು ಓದುತ್ತಾ ಇದ್ದೆ. ರಾಣೆಬೆನ್ನೂರಿನ ಅಣ್ಣನ ಸ್ವೆಟರ್ ಓದಿ ಅಮ್ಮನಿಗೆ ಹೇಳಿದೆ. ಅಮ್ಮ ಅತ್ತರು. ನಮ್ಮಜ್ಜಿಯೂ ಇಪ್ಪತ್ತು ವರ್ಷ ಸ್ವೆಟರ್ ಮಾರಿದವರು. ಅಂದ ಹಾಗೆ ಮೊಮೊ ಅಂತ ಬರೆದವರಿಗೆ, ನಮ್ಮಲ್ಲಿ ಅಜ್ಜಿಯನ್ನು ಕರೆಯೋದೂ "ಮೊಮೊ ಲಾ" ಅಂತಲೇ. ರಾಗ ಸ್ವಲ್ಪ ಬೇರೆ.

ಸಂಪಿಗೆ ಅಕ್ಕ, ನಿಮ್ಮ ಪ್ರಶ್ನೆಗಳಿಗೆ. ಬಾವುಟ ಹಿಡಿಯಬಹುದು. ಕೆಳಗೆ ಎರಡು ಹಿಮಸಿಂಹ, ನಡುವೆ ಬಿಳಿ ಬೆಟ್ಟ, ಮೇಲೆ ಸೂರ್ಯ. ತಲೆಕೆಳಗಾಗದಂತೆ ನೋಡಿಕೊಳ್ಳಿ, ನೆಲಕ್ಕೆ ತಾಗಿಸಬೇಡಿ, ಅಷ್ಟೇ. ಟಿಬೆಟಿನ ಒಳಗೆ ಇದನ್ನು ಹಿಡಿದರೆ ಜೈಲು. ಅದಕ್ಕೇ ನಾವು ಇಲ್ಲಿ ಅಷ್ಟು ಜಾಸ್ತಿ ಹಿಡಿಯೋದು. ಮೊದಲು ನಮ್ಮ ಗೀತೆ "ಗ್ಯಾಲು" ಹಾಡುತ್ತಾರೆ. ಸತ್ತವರಿಗಾಗಿ ಮೌನ ಇರುತ್ತೆ. ಧರ್ಮಶಾಲಾದಲ್ಲಿರುವ ನಮ್ಮ ದೇಶಭ್ರಷ್ಟ ಟಿಬೆಟಿಯನ್ ಆಡಳಿತದಿಂದ ಬಂದ ಹೇಳಿಕೆ ಓದುತ್ತಾರೆ. "ಬೋ ಗ್ಯಾಲೊ" ಅಂದರೆ ಟಿಬೆಟಿಗೆ ಜಯವಾಗಲಿ ಅಂತ. ನೀವು ಕೂಗಲೇಬೇಕು ಅಂತಿಲ್ಲ. ಬಂದು ನಿಂತರೆ ಸಾಕು.

ನಾಗರಿಕತೆ ಯಾಕೆ ತಗೊಳ್ಳೋದಿಲ್ಲ ಅಂತ ಒಬ್ಬರು ಕೇಳಿದ್ದಾರೆ. ನಮ್ಮಲ್ಲಿ ತಗೊಂಡವರೂ ಇದ್ದಾರೆ, ಅದು ತಪ್ಪಲ್ಲ. ನಾನು ತಗೊಂಡಿಲ್ಲ. ಅಜ್ಜ ಬರುವಾಗ ಮನೆ ಬೀಗದ ಕೈ ತಂದಿದ್ದರು. ಒಂದು ವರ್ಷದಲ್ಲಿ ವಾಪಸು ಹೋಗ್ತೇವೆ ಅಂತ. ಆ ಬೀಗದ ಕೈ ಇನ್ನೂ ನಮ್ಮ ಪೂಜೆ ಗೂಡಿನಲ್ಲಿದೆ. ಆರ್‌ಸಿ ಬಿಟ್ಟುಕೊಟ್ಟರೆ ಅದನ್ನೂ ಬಿಟ್ಟುಕೊಟ್ಟ ಹಾಗೆ ಅನ್ನಿಸುತ್ತೆ. ಇದು ಸರಿಯಾ ತಪ್ಪಾ ಅಂತ ನಮ್ಮನೆಯಲ್ಲೇ ಜಗಳ ಆಗುತ್ತೆ. ತಮ್ಮ "ಅಕ್ಕ, ಪಾಸ್‌ಪೋರ್ಟ್ ಬೇಕು" ಅಂತಾನೆ. ಅವನದ್ದೂ ನಿಜವೇ.

ಇನ್ನೊಂದು. ನಮ್ಮೂರಲ್ಲಿ ತಾಶಿ ಲುಂಪೊ ಮಠ ಇದೆ. ದಲೈ ಲಾಮಾ ಬಿಟ್ಟರೆ ನಮಗೆ ಅತಿ ದೊಡ್ಡ ಗುರುವಾದ ಪಂಚೆನ್ ಲಾಮಾ ಅವರ ಮಠ. ದಲೈ ಲಾಮಾ 1995ರ ಮೇ 14ರಂದು ಗೆಧುನ್ ಚೋಕ್ಯಿ ನೈಮಾ ಅನ್ನೋ ಹುಡುಗನೇ ಪಂಚೆನ್ ಲಾಮಾ ಅಂತ ಗುರುತಿಸಿದರು. ಮೂರು ದಿನಕ್ಕೆ ಆ ಹುಡುಗನನ್ನೂ ತಂದೆತಾಯಿಯನ್ನೂ ಚೀನಾ ಕರೆದುಕೊಂಡು ಹೋಯಿತು. ಆಗ ಅವನಿಗೆ ಆರು ವರ್ಷ. ಇವತ್ತಿನವರೆಗೆ ಹೊರಗಿನವರು ಯಾರೂ ಅವನನ್ನು ನೋಡಿಲ್ಲ. ಮೆರವಣಿಗೆಯಲ್ಲಿ ಕೆಂಪು ಕೆನ್ನೆಯ ಪುಟ್ಟ ಹುಡುಗನ ಹಳೆ ಫೋಟೊ ಹಿಡಿದವರು ಕಂಡರೆ ಅದು ಅವನದ್ದು. ನಿಮ್ಮ ಮಗಳು ಕೇಳ್ತಾಳೆ. ಹೇಳಿ.

ಮಲ್ಲೇಶ್ವರದ ಮೇಷ್ಟ್ರು
ತಾಯಿ, ನೀವು ಬರೆದದ್ದು ಒಳ್ಳೆಯದಾಯಿತು. ಭಾಷೆ ಬಗ್ಗೆ ನಾನು ಒಂದು ಸೇರಿಸುತ್ತೇನೆ. ಅಲ್ಲಿ ಟಿಬೆಟಿಯನ್ ಮಕ್ಕಳನ್ನು ದೂರದ ವಸತಿ ಶಾಲೆಗಳಲ್ಲಿಟ್ಟು ಚೀನೀ ಭಾಷೆಯಲ್ಲೇ ಕಲಿಸುತ್ತಿದ್ದಾರೆ. ಹೀಗೆ ಮನೆಯಿಂದ ದೂರಾದ ಮಕ್ಕಳು ಸುಮಾರು 10 ಲಕ್ಷ ಅಂತ ವಿಶ್ವಸಂಸ್ಥೆಯ ತಜ್ಞರು 2023ರಲ್ಲಿ ಹೇಳಿದರು. ತಾಶಿ ವಾಂಗ್‌ಚುಕ್ ಅನ್ನೋ ಅಂಗಡಿಯವನು ನಮ್ಮ ಮಕ್ಕಳಿಗೆ ನಮ್ಮ ಭಾಷೆ ಕಲಿಸಿ ಅಂತ ಪತ್ರಿಕೆಯವರ ಮುಂದೆ ಹೇಳಿದ. ಅಷ್ಟಕ್ಕೆ ಐದು ವರ್ಷ ಜೈಲು, 2016ರಿಂದ 2021. ಗೋಕಾಕ್ ಚಳವಳಿಯಲ್ಲಿ ಬೀದಿಗೆ ಬಂದ ನಾಡು ನಮ್ಮದು. ಈ ಸಂಕಟ ನಮಗೆ ಅರ್ಥವಾಗದೆ ಇರುತ್ತಾ?

ನೇರಮಾತು
ಮೇಷ್ಟ್ರೇ, ಹೋಲಿಕೆ ಸರಿ ಇಲ್ಲ. ಗೋಕಾಕ್ ಚಳವಳಿಯಲ್ಲಿ ಕನ್ನಡ ಕೇಳಿದ್ದಕ್ಕೆ ನಮ್ಮನ್ನು ಯಾರೂ ಐದು ವರ್ಷ ಒಳಗೆ ಹಾಕಲಿಲ್ಲ.

ಮಲ್ಲೇಶ್ವರದ ಮೇಷ್ಟ್ರು
ಒಪ್ಪಿದೆ. ಅವರದ್ದು ಎಷ್ಟೋ ಪಾಲು ಕಠಿಣ.

ಸ್ವದೇಶಿ ಸೋಮು
ಮೆರವಣಿಗೆ ಬಿಡಿ. ಎಲ್ಲರೂ ಕೈಯಲ್ಲಿರುವ ಚೀನಾ ಫೋನು ಎಸೆಯಿರಿ ಮೊದಲು. ಆ ದೇಶದವರನ್ನು ಕಂಡರೆ ಓಡಿಸಿ.

ಒಂದನೇ ಕ್ಯಾಂಪಿನವಳು
ಸೋಮಣ್ಣ, ಹಾಗೆ ಬರೀಬೇಡಿ ದಯವಿಟ್ಟು. ನಮ್ಮ ಜಗಳ ಅಲ್ಲಿಯ ಸರ್ಕಾರದ ಜೊತೆ, ಚೀನಾದ ಜನರ ಜೊತೆ ಅಲ್ಲ. ಮತ್ತೆ "ಕಂಡರೆ ಓಡಿಸಿ" ಅನ್ನೋದು ಕೊನೆಗೆ ಬಂದು ಬೀಳೋದು ನಮ್ಮ ಮೇಲೇ. 2020ರಲ್ಲಿ ನಾನು ಬೆಂಗಳೂರಲ್ಲಿ ಬಸ್ಸಿಗೆ ಕಾಯುವಾಗ ಇಬ್ಬರು ಹುಡುಗರು "ಏಯ್ ಚೀನಾ, ಕೊರೊನಾ" ಅಂತ ಕೂಗಿದರು. ಕನ್ನಡದಲ್ಲಿ ಬೈದು ಕಳಿಸಿದೆ. ಮನೆಗೆ ಬಂದು ಅತ್ತೆ. ಯಾರಿಂದ ಊರು ಬಿಟ್ಟು ಬಂದೆವೋ ಅವರ ಹೆಸರಿನಲ್ಲೇ ಬೈಸಿಕೊಳ್ಳೋದು.

ಸ್ವದೇಶಿ ಸೋಮು
ತಂಗಿ, ಹಾಗೆ ಯೋಚಿಸಿರಲಿಲ್ಲ. ತಪ್ಪಾಯ್ತು.

ಗಡಿ ಗುರು
ನಿಮ್ಮವರಲ್ಲಿ ಕೆಲವರು ಪೂರ್ಣ ಸ್ವಾತಂತ್ರ್ಯ ಅಂತಾರೆ, ಕೆಲವರು ಸ್ವಾಯತ್ತತೆ ಸಾಕು ಅಂತಾರೆ. ಮೆರವಣಿಗೆಯಲ್ಲಿ ಯಾವುದು?

ಒಂದನೇ ಕ್ಯಾಂಪಿನವಳು
ಎರಡೂ ಇರುತ್ತೆ. ದಲೈ ಲಾಮಾ ಅವರದ್ದು "ಉಮೇಲಂ", ನಡುವಿನ ದಾರಿ. ಚೀನಾದ ಒಳಗೇ ನಿಜವಾದ ಸ್ವಾಯತ್ತತೆ. ನಮ್ಮ ಆಡಳಿತದ ನಿಲುವೂ ಅದೇ. 2021ರಲ್ಲಿ ಸಿಕ್ಯಾಂಗ್, ಅಂದರೆ ಆ ಆಡಳಿತದ ಮುಖ್ಯಸ್ಥರಾಗಿ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಬೈಲುಕುಪ್ಪೆಯಲ್ಲಿ ಹುಟ್ಟಿದವರು, ಅದು ನಮಗೆ ಹೆಮ್ಮೆ. "ರಂಗ್ಜೆನ್" ಅಂದರೆ ಪೂರ್ತಿ ಸ್ವಾತಂತ್ರ್ಯ. ನನ್ನ ತಮ್ಮ ರಂಗ್ಜೆನ್, ಅಪ್ಪ ಉಮೇಲಂ. ಮಾರ್ಚ್ 10ಕ್ಕೆ ಇಬ್ಬರೂ ಒಂದೇ ಸಾಲಿನಲ್ಲಿ ನಡೀತಾರೆ.

ಸಂಪಿಗೆ
ಹೋಗಿ ಬಂದೆ. ಮಗಳ ಜೊತೆ. ಎಲ್ಲರಿಗೂ ಹೇಳಬೇಕು ಅಂತ ಬಂದ ತಕ್ಷಣ ಬರೀತಿದ್ದೇನೆ.

ಗೆಳತಿ ಗೇಟಿನ ಹತ್ತಿರ ಕಾಯ್ತಿದ್ದಳು. ಛುಪಾ ಉಟ್ಟಿದ್ದಳು. ಆರು ವರ್ಷದಲ್ಲಿ ನಾನು ಅವಳನ್ನು ಯೂನಿಫಾರ್ಮು, ಚೂಡಿದಾರ್ ಬಿಟ್ಟು ಬೇರೆ ಬಟ್ಟೆಯಲ್ಲಿ ನೋಡಿದ್ದೇ ಇಲ್ಲ. ನನ್ನನ್ನು ಕಂಡು ಏನೂ ಮಾತಾಡಲಿಲ್ಲ, ಕೈ ಹಿಡಿದುಕೊಂಡಳು. ಪೊಲೀಸರು ಇದ್ದರು. ಒಬ್ಬರು ಮಗಳಿಗೆ "ನೆರಳಿಗೆ ಬಾ ಪುಟ್ಟಿ" ಅಂದರು. ಮೈದುನನಿಗೆ ಅದನ್ನು ಹೇಳಿದ್ದೇನೆ.

ಅವರ ಗೀತೆ ಆಯಿತು, ನಮ್ಮ ಜನಗಣಮನ ಆಯಿತು. ಎರಡಕ್ಕೂ ಎಲ್ಲರೂ ನಿಂತು ಹಾಡಿದರು. "ತಿಬ್ಬತ್ ಕಿ ಆಜಾದಿ, ಭಾರತ್ ಕಿ ಸುರಕ್ಷಾ" ಅಂತ ಹಿಂದಿಯಲ್ಲಿ ಕೂಗುತ್ತಿದ್ದರು. ಹಿಂದೆ ನಿಂತಿದ್ದ ಹುಡುಗರ ಗುಂಪು ಕನ್ನಡದಲ್ಲಿ "ನ್ಯಾಯ ಬೇಕು" ಅಂತ ಶುರು ಮಾಡಿತು. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದವಳು ಅದಕ್ಕೆ ದನಿ ಸೇರಿಸಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮೌನ ಆಚರಿಸುವಾಗ ನನ್ನ ಮುಂದೆ ಒಬ್ಬ ಅಜ್ಜಿ ಇದ್ದರು. ಎಂಬತ್ತು ದಾಟಿರಬೇಕು. ಜಪಮಣಿ ಎಣಿಸುತ್ತಾ ಕಣ್ಣೀರು ಸುರಿಸುತ್ತಿದ್ದರು, ಒರೆಸಿಕೊಳ್ಳಲಿಲ್ಲ. ಆಮೇಲೆ ಗೆಳತಿ ಹೇಳಿದಳು, ಅವರು ಹದಿನೈದರ ವಯಸ್ಸಿನಲ್ಲಿ ನಡೆದು ಬಂದವರು, ದಾರಿಯಲ್ಲಿ ತಂಗಿಯನ್ನು ಕಳೆದುಕೊಂಡರು ಅಂತ. ಅಜ್ಜಿ ನನ್ನ ಮಗಳ ಕೊರಳಿಗೆ ಬಿಳಿ ಖತಾ, ಅವರು ಗೌರವಕ್ಕೆ ಹಾಕುವ ಶಾಲು, ಹಾಕಿದರು. ಅದನ್ನು ತೆಗೆಯೋದೇ ಇಲ್ಲ ಅಂತ ಈಗ ಹಾಕಿಕೊಂಡೇ ಮಲಗಿದ್ದಾಳೆ.

ಪುಟ್ಟ ಹುಡುಗನ ಫೋಟೊ ಇತ್ತು. ಮಗಳು ಕೇಳಿದಳು. ಹೇಳಿದೆ. "ಈಗ ಅವನಿಗೆ ಎಷ್ಟು ವರ್ಷ?" ಅಂದಳು. 1989ರಲ್ಲಿ ಹುಟ್ಟಿದ್ದು ಅಂದೆ. ಬೆರಳು ಮಡಿಸಿ ಲೆಕ್ಕ ಹಾಕಿ, "ಮತ್ತೆ ಯಾಕಮ್ಮಾ ಎಲ್ಲರೂ ಚಿಕ್ಕವನ ಫೋಟೊನೇ ಹಿಡಿದಿದ್ದಾರೆ?" ಅಂದಳು. ಬೇರೆ ಫೋಟೊ ಯಾರ ಹತ್ತಿರವೂ ಇಲ್ಲ ಅಂತ ಹೇಳುವಾಗ ನನಗೆ ಗಂಟಲು ಕಟ್ಟಿತು.

ಕುಶಾಲನಗರ ಕಾವೇರಿ
ಓದಿ ಕಣ್ಣು ತುಂಬಿತು. ಮಗಳಿಗೆ ನನ್ನ ಮುತ್ತು.

ನೇರಮಾತು
ಹೋಗಿ ಬಂದದ್ದು ಒಳ್ಳೆಯದು. ನನ್ನ ಪ್ರಶ್ನೆ ಹಾಗೇ ಇದೆ, ಇದರಿಂದ ಬೀಜಿಂಗ್ ಬದಲಾಗೋದಿಲ್ಲ. ಆದರೆ ಅಂಥ ಅಜ್ಜಿಯ ಎದುರು ನಿಂತು ಆ ಪ್ರಶ್ನೆ ಕೇಳೋಕೆ ನನಗೆ ಆಗೋದಿಲ್ಲ.

ರಾಣೆಬೆನ್ನೂರು ರವಿ
ಒಂದನೇ ಕ್ಯಾಂಪಿನ ತಂಗಿ, ನಿಮ್ಮಜ್ಜಿ ಯಾವ ಯಾವ ಊರಲ್ಲಿ ಸ್ವೆಟರ್ ಮಾರುತ್ತಿದ್ದರು? ಸುಮ್ನೆ ಕೇಳಿದೆ.

ಒಂದನೇ ಕ್ಯಾಂಪಿನವಳು
ದಾವಣಗೆರೆ, ಹರಿಹರ ಅಂತ ಅಮ್ಮ ಹೇಳ್ತಾರೆ. ರಾಣೆಬೆನ್ನೂರು ನೆನಪಿಲ್ಲವಂತೆ. ಅಜ್ಜಿ ಜೊತೆ ಹೋಗುತ್ತಿದ್ದ ಇನ್ನೊಬ್ಬರು ಇನ್ನೂ ಇದ್ದಾರೆ, ಕಿವಿ ಸ್ವಲ್ಪ ಮಂದ. ನಾಳೆ ಬೆಳಿಗ್ಗೆ ಹೋಗಿ ಕೇಳ್ತೇನೆ.